ಗಡಿಯಂಚಿನ ಪಂಚಾಯಿತಿಗಳು ಕೂಡಿ ನಡೆಯುವ ಬಗೆ



ತಾಳವಾಡಿ ಬೆಟ್ಟಸೀಮೆಯ ಜೀರಹಳ್ಳಿಯಲ್ಲಿರುವ ಒಬ್ಬ ರೈತರ ವಿಳಾಸವನ್ನು ಮೊದಲು ನಿಮ್ಮ ಮುಂದೆ ಬಿಡಿಸಿಡುತ್ತೇನೆ. ಅವರ ರಾಜ್ಯ ತಮಿಳುನಾಡು, ಜಿಲ್ಲೆ ಈರೋಡು, ತಾಲ್ಲೂಕು ತಾಳವಾಡಿ. ವಿಧಾನಸಭೆಗೆ ಅವರು ಮತ ಹಾಕುವುದು ಭವಾನಿಸಾಗರ ಕ್ಷೇತ್ರದಲ್ಲಿ, ಲೋಕಸಭೆಗೆ ನೀಲಗಿರಿ ಕ್ಷೇತ್ರದಲ್ಲಿ. ಹೊಲಕ್ಕೆ ಆನೆ ನುಗ್ಗಿದರೆ ದೂರು ಜೀರಹಳ್ಳಿ ಅರಣ್ಯ ವಲಯಕ್ಕೆ. ಆ ವಲಯ ಹಾಸನೂರು ವಿಭಾಗದ ಕೈಕೆಳಗೆ. ಮನೆಮಾತು ಕನ್ನಡ. ಹೆಣ್ಣು ಕೊಟ್ಟು ಹೆಣ್ಣು ತಂದ ನೆಂಟಸ್ತಿಕೆ ಚಾಮರಾಜನಗರದ ಕಡೆಗೆ. ಎಲೆಕೋಸು, ಬೆಳ್ಳುಳ್ಳಿ, ಆಲೂಗಡ್ಡೆ ಬೆಳೆದರೆ ಅದನ್ನು ಮಾರಲು ದಾರಿ ಎರಡು: ಘಾಟಿ ಇಳಿದರೆ ಸತ್ಯಮಂಗಲ, ಮೆಟ್ಟುಪಾಳ್ಯ, ಗಡಿ ದಾಟಿದರೆ ಚಾಮರಾಜನಗರ, ಮೈಸೂರು. ನಡುರಾತ್ರಿ ಮನೆಯಲ್ಲಿ ಹಿರಿಯರಿಗೆ ಎದೆನೋವು ಬಂದು, ತಾಳವಾಡಿಯ ಸರ್ಕಾರಿ ಆಸ್ಪತ್ರೆಯವರು ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ ಎಂದರೆ, ಅವರ ಜಿಲ್ಲಾ ಕೇಂದ್ರ 100 ಕಿಲೋಮೀಟರಿಗೂ ಆಚೆ, ದಿಂಬಂ ಘಾಟಿಯ 27 ತಿರುವುಗಳ ಕೆಳಗಿದೆ. ಚಾಮರಾಜನಗರ ತಾಳವಾಡಿಯಿಂದ 25 ಕಿಲೋಮೀಟರ್ ಆಸುಪಾಸಿನಲ್ಲಿದೆ, ಆದರೆ ಇನ್ನೊಂದು ರಾಜ್ಯದಲ್ಲಿದೆ.

ಒಬ್ಬ ಮನುಷ್ಯನ ದಿನನಿತ್ಯದ ಬದುಕು ಇಷ್ಟು ಕಚೇರಿಗಳಲ್ಲಿ ಹಂಚಿಹೋಗಿರುವಾಗ, ಆ ಕಚೇರಿಗಳು ಒಂದಕ್ಕೊಂದು ಮಾತಾಡುತ್ತವೆಯೇ, ಮಾತಾಡಿದರೆ ಹೇಗೆ, ಮಾತಾಡದಿದ್ದರೆ ಏನಾಗುತ್ತದೆ ಎಂಬುದೇ ಇವತ್ತಿನ ವಿಷಯ. ಸ್ಥಳೀಯ ಸರ್ಕಾರಗಳು, ಅಂದರೆ ನಮ್ಮ ಪಂಚಾಯಿತಿಗಳು, ಒಕ್ಕೂಟಗಳು, ತಾಲ್ಲೂಕು ಮತ್ತು ಜಿಲ್ಲಾ ಆಡಳಿತಗಳು, ಕೂಡಿ ಜನರಿಗೆ ಸೇವೆ ಒದಗಿಸುವ ಬಗೆಯನ್ನು ತಾಳವಾಡಿಯ ಬೆಟ್ಟದ ಮೇಲೆ ನಿಂತು ನೋಡೋಣ.

ಈ ನಕಾಶೆ ಹೀಗೆ ಆದದ್ದು ಒಂದೇ ದಿನದಲ್ಲಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆದಾಗ, ಅದುವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು. ಅದೇ ಜಿಲ್ಲೆಯ ಗೋಬಿಚೆಟ್ಟಿಪಾಳ್ಯ ತಾಲ್ಲೂಕಿಗೆ ಸೇರಿದ್ದ ತಾಳವಾಡಿ ಸೀಮೆ ಅಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರು ಒಡೆದು ಪೆರಿಯಾರ್ ಜಿಲ್ಲೆಯಾಯಿತು. ಅದೇ ಮುಂದೆ ಈರೋಡು ಜಿಲ್ಲೆ ಎಂಬ ಹೆಸರು ಪಡೆಯಿತು. ತಾಳವಾಡಿಗೆ ತನ್ನದೇ ತಾಲ್ಲೂಕು ಕಚೇರಿ ಬಂದದ್ದು 2016ರಲ್ಲಿ, ಸತ್ಯಮಂಗಲ ತಾಲ್ಲೂಕಿನಿಂದ ಬೇರೆಯಾದ ಮೇಲೆ. ಇದರ ನಡುವೆ 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಹೀಗೆ ತಾಳವಾಡಿ ಮತ್ತು ಅದರ ಜಿಲ್ಲಾ ಕೇಂದ್ರದ ನಡುವೆ 1,400 ಚದರ ಕಿಲೋಮೀಟರಿನಷ್ಟು ವಿಸ್ತಾರದ ಸಂರಕ್ಷಿತ ಕಾಡಿದೆ. ತಾಳವಾಡಿ ಮತ್ತು ಚಾಮರಾಜನಗರದ ನಡುವೆ ಒಂದು ಚೆಕ್‌ಪೋಸ್ಟ್ ಇದೆ.

ಮಾತು ಮುಂದುವರಿಸುವ ಮುಂಚೆ ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳೋಣ. ಎರಡು ಸ್ಥಳೀಯ ಸಂಸ್ಥೆಗಳು ಸೇರಿ ಯಾವುದೇ ಕೆಲಸಕ್ಕೆ ಕೈಹಾಕಿದರೂ ಈ ಮೂರಕ್ಕೆ ಬರಹದಲ್ಲಿ ಉತ್ತರ ಇರಬೇಕು. ಕೆಲಸ ಮಾಡುವವರು ಯಾರು? ಹಣ ಕೊಡುವವರು ಯಾರು? ಕೆಲಸ ಕೆಟ್ಟರೆ ಜನರ ಮುಂದೆ ನಿಂತು ಉತ್ತರ ಹೇಳುವವರು ಯಾರು? ಮೂರಕ್ಕೂ ಉತ್ತರ ಇರುವಲ್ಲಿ ಸಹಕಾರ ವರ್ಷಗಟ್ಟಲೆ ನಡೆಯುತ್ತದೆ. ಒಂದಕ್ಕೆ ಉತ್ತರ ಇಲ್ಲದಿದ್ದರೂ ಅದು ಒಬ್ಬ ಒಳ್ಳೆಯ ಅಧಿಕಾರಿಯ ವರ್ಗಾವಣೆಯ ದಿನಕ್ಕೆ ಮುಗಿಯುತ್ತದೆ.

ಮೊದಲು ಒಂದೇ ರಾಜ್ಯದೊಳಗಿನ ಸಂಗತಿ. ತಮಿಳುನಾಡಿನಲ್ಲಿ ಗ್ರಾಮ ಪಂಚಾಯತಿಗಳು ಚಿಕ್ಕವು, ಸಂಖ್ಯೆಯಲ್ಲಿ ಹೆಚ್ಚು. ಇಡೀ ರಾಜ್ಯದಲ್ಲಿ 12,000ಕ್ಕೂ ಹೆಚ್ಚು ಇವೆ. ಕರ್ನಾಟಕದಲ್ಲಿ ಆರು ಸಾವಿರದ ಆಸುಪಾಸು. ತಾಳವಾಡಿ ಒಕ್ಕೂಟದಲ್ಲಿ, ಜನ ಬಾಯಲ್ಲಿ ಹೇಳುವ ಯೂನಿಯನ್ನಿನಲ್ಲಿ, 10 ಗ್ರಾಮ ಪಂಚಾಯತಿಗಳಿವೆ. ಕುಡಿಯುವ ನೀರು, ಬೀದಿದೀಪ, ಊರೊಳಗಿನ ರಸ್ತೆ, ಚರಂಡಿ, ಕಸ ಇವು ಗ್ರಾಮ ಪಂಚಾಯತಿಯ ಪಾಲು. ಊರಿಂದೂರಿಗೆ ಹೋಗುವ ಯೂನಿಯನ್ ರಸ್ತೆ, ಪ್ರಾಥಮಿಕ ಶಾಲೆಯ ಕಟ್ಟಡ ಇಂಥವು ಒಕ್ಕೂಟದ ಪಾಲು. 1958ರ ಮದ್ರಾಸ್ ಪಂಚಾಯತ್ ಕಾಯಿದೆ ಈ ಒಕ್ಕೂಟಗಳನ್ನು ಹುಟ್ಟುಹಾಕಿತು. ಒಂದು ಚಿಕ್ಕ ಪಂಚಾಯತಿಗೆ ಎತ್ತಲಾಗದ ಭಾರವನ್ನು ಹತ್ತು ಪಂಚಾಯತಿಗಳು ಸೇರಿ ಎತ್ತಲಿ ಎಂಬುದೇ ಅದರ ಉದ್ದೇಶ.

ಈ ಏರ್ಪಾಡಿನ ಫಲವನ್ನು ತಾಳವಾಡಿಯ ಕನ್ನಡ ಶಾಲೆಗಳಲ್ಲಿ ಕಣ್ಣಾರೆ ಕಾಣಬಹುದು. ಶಾಲೆಯ ಫಲಕದ ಮೇಲೆ ಪಂಚಾಯತ್ ಒಕ್ಕೂಟದ ಹೆಸರಿರುತ್ತದೆ. ಮೇಷ್ಟರಿಗೆ ಸಂಬಳ ಕೊಡುವುದು ರಾಜ್ಯ ಸರ್ಕಾರ. ಕನ್ನಡದ ಪಠ್ಯಪುಸ್ತಕ ಅಚ್ಚಾಗುವುದು ತಮಿಳುನಾಡು ಪಠ್ಯಪುಸ್ತಕ ನಿಗಮದಲ್ಲಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಕ್ಕೂ ಹೇಳುತ್ತದೆ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಸಂಸ್ಥೆಗೂ ಹೇಳುತ್ತದೆ. ಹೀಗೆ ಒಂದು ಕನ್ನಡದ ಮಗು ಬೆಟ್ಟದ ಮೇಲೆ ಅ ಆ ಇ ಈ ಕಲಿಯಲು ಸ್ಥಳೀಯ ಸಂಸ್ಥೆಯೂ ರಾಜ್ಯ ಸರ್ಕಾರವೂ ಕೈಜೋಡಿಸಿವೆ. ಮೇಷ್ಟರ ಹುದ್ದೆ ಖಾಲಿ ಬಿದ್ದಾಗ, ಪುಸ್ತಕ ತಡವಾದಾಗ ಎಲ್ಲಿ ಕೇಳಬೇಕೆಂಬುದೂ ತಿಳಿದಿದೆ.

ನೀರಿನ ವಿಷಯವೂ ಹೀಗೆಯೇ. ಹಳೆಯ ಮೈಸೂರು ಸೀಮೆಯ ಕೆರೆಗಳು ಒಂದರ ಕೆಳಗೊಂದು ಸರಣಿಯಾಗಿ ಇದ್ದವು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಪ್ರತಿ ಕೆರೆಗೂ ತೂಬು ಎತ್ತಿ ಇಳಿಸುವ ನೀರುಗಂಟಿ ಇದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವವನು ಅವನು. ಅವನ ಕೂಲಿಯನ್ನು ಕಣದಲ್ಲಿ ಧಾನ್ಯವಾಗಿ ಅಳೆದು ಕೊಡುತ್ತಿದ್ದವರು ರೈತರೇ. ಮೇಲಿನ ಊರಿನವರು ಕೋಡಿಗೆ ಅಡ್ಡ ಕಟ್ಟಿದರೆ ಕೆಳಗಿನ ಊರಿನವರು ನ್ಯಾಯಕ್ಕೆ ಬರುತ್ತಿದ್ದರು. ನಮ್ಮ ಮೂರು ಪ್ರಶ್ನೆಗಳಿಗೂ ಆ ಕಾಲದಲ್ಲೇ ಊರುಗಳು ಉತ್ತರ ಕಂಡುಕೊಂಡಿದ್ದವು. ಇವತ್ತು ತಮಿಳುನಾಡಿನಲ್ಲಿ ಕೂಟು ಕುಡಿನೀರು ಯೋಜನೆ, ಕರ್ನಾಟಕದಲ್ಲಿ ಬಹುಗ್ರಾಮ ಕುಡಿಯುವ ನೀರಿನ ಯೋಜನೆ ಎಂದು ಕರೆಯುವುದು ಇದೇ ಬಗೆಯ ವ್ಯವಸ್ಥೆಯನ್ನು. ನದಿಯಿಂದ ನೀರೆತ್ತಿ, ಶುದ್ಧಮಾಡಿ, ಹತ್ತಾರು ಪಂಚಾಯಿತಿಗಳ ತೊಟ್ಟಿಗಳವರೆಗೆ ತಂದು ಮುಟ್ಟಿಸುವುದು ಒಂದು ದೊಡ್ಡ ಸಂಸ್ಥೆಯ ಹೊಣೆ; ತಮಿಳುನಾಡಿನಲ್ಲಿ 1971ರಿಂದ ಕುಡಿನೀರು ಮತ್ತು ಒಳಚರಂಡಿ ಮಂಡಳಿ ಇದನ್ನು ಮಾಡುತ್ತಿದೆ. ತೊಟ್ಟಿಯಿಂದ ಮನೆಯ ನಲ್ಲಿಯವರೆಗೆ ಪಂಚಾಯಿತಿಯ ಹೊಣೆ. ಎಲ್ಲಿ ಒಬ್ಬರ ಕೆಲಸ ಮುಗಿದು ಇನ್ನೊಬ್ಬರದು ಶುರುವಾಗುತ್ತದೆ ಎಂಬ ಗೆರೆ ಸ್ಪಷ್ಟವಾಗಿದ್ದರೆ ನಲ್ಲಿಯಲ್ಲಿ ನೀರು ಬರುತ್ತದೆ. ಆ ಗೆರೆ ಮಸುಕಾದ ಕಡೆ ಪೈಪು ಒಡೆದರೆ ಎರಡೂ ಕಚೇರಿಗಳು ಒಂದನ್ನೊಂದು ತೋರಿಸುತ್ತವೆ.

ಕಸದ ವಿಷಯದಲ್ಲಿ ಕರ್ನಾಟಕದ ಕರಾವಳಿ ಒಂದು ಒಳ್ಳೆಯ ದಾರಿ ತೋರಿದೆ. ಒಂದು ಹಳ್ಳಿಯಲ್ಲಿ ದಿನಕ್ಕೆ ಸೇರುವ ಪ್ಲಾಸ್ಟಿಕ್, ಬಾಟಲಿ, ರಟ್ಟು ಎಷ್ಟು? ಅದನ್ನು ಕೊಳ್ಳಲು ಯಾವ ವ್ಯಾಪಾರಿಯೂ ಬರುವುದಿಲ್ಲ. ಹೀಗಾಗಿ ಅದು ಹಳ್ಳದ ದಡದಲ್ಲಿ ಸುಟ್ಟುಹೋಗುತ್ತದೆ. ಉಡುಪಿ ಜಿಲ್ಲೆ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ಬೇರ್ಪಡಿಸುವ ಘಟಕ ಕಟ್ಟಿ, ಸುತ್ತಲ ತಾಲ್ಲೂಕುಗಳ ನಲವತ್ತರಷ್ಟು ಗ್ರಾಮ ಪಂಚಾಯಿತಿಗಳ ಕಸವನ್ನು ಅಲ್ಲಿಗೆ ತರುವ ಏರ್ಪಾಡು ಮಾಡಿದರು. ನಲವತ್ತು ಊರಿನ ಕಸ ಒಂದೆಡೆ ಸೇರಿದಾಗ ಅದಕ್ಕೆ ಬೆಲೆ ಬಂತು, ಬೇರ್ಪಡಿಸುವ ಹೆಣ್ಣುಮಕ್ಕಳಿಗೆ ಕೆಲಸ ಬಂತು. ತಾಳವಾಡಿಯ ಹತ್ತು ಪಂಚಾಯತಿಗಳಿಗೂ ಇಂಥದೇ ಒಂದು ಘಟಕ ಬೇಕು. ಇಲ್ಲಿನ ಕಾಡಿನಂಚಿನಲ್ಲಿ ಬಿದ್ದ ಪ್ಲಾಸ್ಟಿಕ್ಕು ಜಿಂಕೆಯ, ಆನೆಯ ಹೊಟ್ಟೆ ಸೇರುತ್ತದೆ ಎಂಬುದು ಇನ್ನೊಂದು ಕಾರಣ. ಸ್ಥಳೀಯ ಸಂಸ್ಥೆಗಳು ಇಂಥ ಕೆಲಸಕ್ಕೆ ಜಂಟಿ ಸಮಿತಿ ಮಾಡಿಕೊಳ್ಳಲು ತಮಿಳುನಾಡಿನ 1994ರ ಪಂಚಾಯತ್ ಕಾಯಿದೆಯಲ್ಲಿ ಅವಕಾಶವಿದೆ.

ಇದನ್ನೆಲ್ಲ ಸಂವಿಧಾನವೂ ಮುಂಗಂಡಿದೆ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ಕೊಡಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿತು. ಆ ವರ್ಷವೇ ಬಂದ 74ನೇ ತಿದ್ದುಪಡಿ, 243 ಝಡ್‌ಡಿ ವಿಧಿಯಲ್ಲಿ, ಪ್ರತಿ ಜಿಲ್ಲೆಗೂ ಒಂದು ಯೋಜನಾ ಸಮಿತಿ ಇರಬೇಕೆಂದಿತು. ಊರು ಪಟ್ಟಣಗಳಿಗೆ ಸಮಾನವಾದ ವಿಷಯಗಳನ್ನು, ನೀರು ಮತ್ತು ನೈಸರ್ಗಿಕ ಸಂಪತ್ತಿನ ಹಂಚಿಕೆಯನ್ನು ಅದು ಗಮನಕ್ಕೆ ತೆಗೆದುಕೊಳ್ಳಬೇಕೆಂದಿತು. ಬಹಳ ಒಳ್ಳೆಯ ಮಾತು. ಆದರೆ ಆ ಸಮಿತಿಯ ನೋಟ ಜಿಲ್ಲೆಯ ಗಡಿಗೆ ನಿಲ್ಲುತ್ತದೆ. ಈರೋಡಿನ ಸಮಿತಿ ಚಾಮರಾಜನಗರದ ರಸ್ತೆಯನ್ನು ಯೋಚಿಸುವುದಿಲ್ಲ, ಚಾಮರಾಜನಗರದ ಸಮಿತಿ ಜೀರಹಳ್ಳಿಯ ರೋಗಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಡಿಯಂಚಿನ ಊರುಗಳ ಕಷ್ಟ ಇಲ್ಲಿಂದ ಶುರು.

ಹಾಗಾದರೆ ರಾಜ್ಯದ ಗಡಿ ದಾಟಿ ಏನೂ ನಡೆಯುವುದೇ ಇಲ್ಲವೇ? ನಡೆಯುತ್ತದೆ. ಬಸ್ಸನ್ನೇ ನೋಡಿ. ತಮಿಳುನಾಡಿನ ಸರ್ಕಾರಿ ಬಸ್ಸು ಮೈಸೂರಿಗೆ ಬರುತ್ತದೆ, ಕರ್ನಾಟಕದ ಬಸ್ಸು ತಾಳವಾಡಿಗೆ ಹೋಗುತ್ತದೆ. ಮೋಟಾರು ವಾಹನ ಕಾಯಿದೆಯ 88ನೇ ಸೆಕ್ಷನ್ನಿನಂತೆ ಎರಡು ರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಳ್ಳಬೇಕು. ಕರಡನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿ, ಜನರ ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮಗೊಳಿಸಬೇಕು. ಯಾವ ಮಾರ್ಗ, ಯಾರ ಬಸ್ಸು ಎಷ್ಟು, ಎಲ್ಲವೂ ಬರಹದಲ್ಲಿರುತ್ತದೆ. ಪಡಿತರವೂ ಹಾಗೆ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ತಮಿಳುನಾಡು 2020ರಲ್ಲಿ ಸೇರಿದ ಮೇಲೆ, ಆಹಾರ ಭದ್ರತಾ ಕಾಯಿದೆಯಡಿ ಬರುವ ಕುಟುಂಬದವರು ಕೂಲಿಗೆ ಬೇರೆ ರಾಜ್ಯಕ್ಕೆ ಹೋದರೂ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯುವ ದಾರಿಯಾಯಿತು. ಈ ಎರಡೂ ಏಕೆ ನಡೆಯುತ್ತಿವೆ? ಮೇಲಿನವರು ಸಹಿ ಹಾಕಿದ್ದಾರೆ, ಮೂರು ಪ್ರಶ್ನೆಗಳಿಗೂ ಕಾಗದದ ಮೇಲೆ ಉತ್ತರವಿದೆ.

ಸಹಿ ಇಲ್ಲದ ಕಡೆ ಜನ ನಡುವೆ ಬೀಳುತ್ತಾರೆ. ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಆ ರಾಜ್ಯದ ವಿಳಾಸವಿರುವ ಹೆಣ್ಣುಮಕ್ಕಳಿಗೆ. ತಮಿಳುನಾಡಿನ ಉಚಿತ ಪ್ರಯಾಣ ಆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ. ಬಾಣಂತಿ ಮಗಳನ್ನು ನೋಡಲು ಚಾಮರಾಜನಗರದ ಆಸ್ಪತ್ರೆಗೆ ಹೊರಟ ಜೀರಹಳ್ಳಿಯ ತಾಯಿಗೆ ಎರಡೂ ಇಲ್ಲ. ಯಾರೂ ಬೇಕೆಂದು ಅವರನ್ನು ಹೊರಗಿಟ್ಟಿಲ್ಲ. ಎರಡೂ ಯೋಜನೆ ಬರೆದವರ ಕಣ್ಣಿಗೆ ಆ ತಾಯಿ ಬೀಳಲಿಲ್ಲ, ಅಷ್ಟೆ.

ಈಗ ಆಸ್ಪತ್ರೆಯ ಮಾತು. ಇದು ಎಲ್ಲಕ್ಕಿಂತ ಮುಖ್ಯವಾದದ್ದು. 2021ರ ಅಕ್ಟೋಬರ್ 7ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಚಾಮರಾಜನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು ಉದ್ಘಾಟಿಸಿದರು. ತಾಳವಾಡಿ ಸೀಮೆಯವರಿಗೆ ಇದಕ್ಕಿಂತ ಹತ್ತಿರದ ಇಂಥ ದೊಡ್ಡಾಸ್ಪತ್ರೆ ಬೇರೆ ಇಲ್ಲ. ಆಯುಷ್ಮಾನ್ ಭಾರತ್ ಯೋಜನೆಯ ನಿಯಮದಲ್ಲಿ, ಅರ್ಹ ಕುಟುಂಬ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಚಿಕಿತ್ಸೆ ಪಡೆಯಬಹುದು. ಆದರೆ ರಾಜ್ಯ ಸರ್ಕಾರ ತನ್ನ ಹಣದಿಂದಲೇ ವಿಮೆಗೆ ಸೇರಿಸಿಕೊಂಡ ಕುಟುಂಬಗಳಿಗೆ ಆ ಹಕ್ಕು ತಾನಾಗಿ ಗಡಿ ದಾಟುವುದಿಲ್ಲ. ಕೈಯಲ್ಲಿ ಕಾರ್ಡು ಹಿಡಿದು ಕೌಂಟರಿನ ಮುಂದೆ ನಿಂತಾಗಲೇ ಬಹಳ ಮಂದಿಗೆ ಈ ವ್ಯತ್ಯಾಸ ತಿಳಿಯುವುದು. 108 ಆಂಬುಲೆನ್ಸ್ ಎರಡೂ ರಾಜ್ಯಗಳಲ್ಲಿವೆ, ಎರಡಕ್ಕೂ ಅದೇ ಸಂಖ್ಯೆ. ಗಡಿಯಂಚಿನಲ್ಲಿ ನಿಂತು ಕರೆ ಮಾಡಿದರೆ, ಯಾವ ಕಡೆಯ ಮೊಬೈಲ್ ಗೋಪುರ ಸಿಕ್ಕಿತೋ ಆ ರಾಜ್ಯದ ಕೇಂದ್ರಕ್ಕೆ ಕರೆ ಹೋಗುವುದುಂಟು. ಆಗ ಊರಿನ ಹೆಸರು ಹೇಳಿ, ತಾಲ್ಲೂಕು ಹೇಳಿ, ಅದು ನಮ್ಮ ವ್ಯಾಪ್ತಿ ಅಲ್ಲ ಎಂಬ ಮಾತು ಕೇಳಿ, ಮತ್ತೆ ಕರೆ ಮಾಡಬೇಕು. ಎದೆನೋವಿನವರ ಪಾಲಿಗೆ ಆ ನಿಮಿಷಗಳ ಬೆಲೆ ಎಷ್ಟೆಂದು ನಾನು ಬೇರೆ ಹೇಳಬೇಕಿಲ್ಲ.

ಹೊಣೆ ಹಂಚಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ಎರಡು ಸಲ ಕಂಡಿದ್ದೇವೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ ಮತ್ತು ಕೇರಳದ ನಡುವಿನ ತಲಪಾಡಿಯ ಗಡಿ ಮುಚ್ಚಿತು. ಕಾಸರಗೋಡಿನ ಜನ, ಕನ್ನಡಿಗರು ಮಲಯಾಳಿಗಳು ಎಲ್ಲರೂ, ದಶಕಗಳಿಂದ ಚಿಕಿತ್ಸೆಗೆ ನಂಬಿದ್ದದ್ದು ಮಂಗಳೂರನ್ನು. ಆಂಬುಲೆನ್ಸುಗಳು ಗಡಿಯಲ್ಲಿ ತಡೆದು ನಿಂತವು; ಚಿಕಿತ್ಸೆ ಸಿಗದ ಸಾವುಗಳು ವರದಿಯಾದವು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳನ್ನು ಬಿಡುವ ನಿಯಮಗಳಿಗೆ ಎರಡೂ ರಾಜ್ಯಗಳು ಒಪ್ಪಿದವು. ಒಂದು ಪುಟದಲ್ಲಿ ಬರೆಯಬಹುದಾದ ಆ ನಿಯಮಗಳು ಮೊದಲೇ ಇದ್ದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಅಗತ್ಯವಿರಲಿಲ್ಲ.

ಇನ್ನೊಂದು, ಚಾಮರಾಜನಗರದ್ದೇ. 2021ರ ಮೇ 2 ಮತ್ತು 3ರ ನಡುವೆ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ಎದುರಾದಾಗ, 24 ಗಂಟೆಗಳಲ್ಲಿ 24 ರೋಗಿಗಳು ಸತ್ತರು. ಸಿಲಿಂಡರುಗಳು ಬರಬೇಕಾಗಿದ್ದದ್ದು ಮೈಸೂರಿನಿಂದ. ಎರಡೂ ಒಂದೇ ರಾಜ್ಯದ ಜಿಲ್ಲೆಗಳು, ಅಕ್ಕಪಕ್ಕದವು. ಯಾರು ಕೇಳಬೇಕಿತ್ತು, ಯಾರು ಕಳಿಸಬೇಕಿತ್ತು ಎಂಬ ವಿಚಾರಣೆ ಸಾವುಗಳಾದ ಮೇಲೆ ನಡೆಯಿತು. ಯಾರನ್ನೂ ದೂಷಿಸಲು ನಾನಿದನ್ನು ಹೇಳುತ್ತಿಲ್ಲ. ರಾಜ್ಯ ಒಂದೇ ಆಗಿದ್ದರೆ, ಭಾಷೆ ಒಂದೇ ಆಗಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬುವವರು ಇದನ್ನು ನೆನಪಿಡಬೇಕು. ಎರಡು ಆಡಳಿತಗಳು ಸೇರುವ ಜಾಗದಲ್ಲಿ ಹೊಣೆ ಬರೆದಿಡದಿದ್ದರೆ ಗಡಿ ಯಾವುದಾದರೂ ಅಪಾಯವೇ.

ದೂರದ ಒಂದು ಬೆಟ್ಟದ ಉದಾಹರಣೆ ಕೊಡುತ್ತೇನೆ. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರಿನೀಸ್ ಪರ್ವತದಲ್ಲಿ ಸೆರ್ದಾನ್ಯ ಎಂಬ ಕಣಿವೆಯಿದೆ. 1659ರ ಒಂದು ಒಪ್ಪಂದ ಆ ಕಣಿವೆಯನ್ನು ಎರಡು ದೇಶಗಳಿಗೆ ಹಂಚಿಬಿಟ್ಟಿತು. ಎರಡೂ ಕಡೆಯ ಹಳ್ಳಿಗರು ಮಾತಾಡುತ್ತಿದ್ದದ್ದು ಕತಲಾನ್ ಭಾಷೆ. ಫ್ರಾನ್ಸ್ ಕಡೆಯವರ ದೊಡ್ಡಾಸ್ಪತ್ರೆ 100 ಕಿಲೋಮೀಟರ್ ಆಸುಪಾಸಿನ ದೂರದಲ್ಲಿ, ಪರ್ಪಿನ್ಯಾನ್ ಪಟ್ಟಣದಲ್ಲಿ. ಚಳಿಗಾಲದಲ್ಲಿ ಹಿಮದ ದಾರಿ. ಕೊನೆಗೆ 2014ರಲ್ಲಿ, ಸ್ಪೇನ್ ಕಡೆಯ ಪುಚ್ಚೆರ್ದಾ ಪಟ್ಟಣದಲ್ಲಿ ಇಬ್ಬರಿಗೂ ಸೇರಿದ ಒಂದು ಆಸ್ಪತ್ರೆ ಬಾಗಿಲು ತೆರೆಯಿತು. ಖರ್ಚಿನಲ್ಲಿ ನೂರಕ್ಕೆ 60 ಪಾಲು ಕತಲೂನ್ಯದ ಸರ್ಕಾರದ್ದು, 40 ಫ್ರಾನ್ಸಿನದು. ಕಣಿವೆಯ 30,000ದಷ್ಟು ಜನರಿಗೆ ಅದು ಆಸರೆ. ಕಟ್ಟಡ ಕಟ್ಟಿದ ಮೇಲೂ ತೊಡಕುಗಳು ಬಂದವು: ಫ್ರಾನ್ಸಿನ ತಾಯಿಯ ಮಗು ಸ್ಪೇನಿನ ನೆಲದಲ್ಲಿ ಹುಟ್ಟಿದರೆ ಜನನ ನೋಂದಣಿ ಎಲ್ಲಿ? ರೋಗಿ ತೀರಿಕೊಂಡರೆ ದೇಹವನ್ನು ಗಡಿ ದಾಟಿಸುವುದು ಹೇಗೆ? ಒಂದೊಂದಕ್ಕೂ ಕೂತು ಪರಿಹಾರ ಬರೆದುಕೊಂಡರು. ನಮ್ಮಲ್ಲಿ ಈ ತೊಡಕು ಅಷ್ಟಿಲ್ಲ. ಚಾಮರಾಜನಗರದಲ್ಲಿ ಹುಟ್ಟಿದ ಜೀರಹಳ್ಳಿಯ ಮಗುವಿನ ನೋಂದಣಿ 1969ರ ಕಾಯಿದೆಯಂತೆ ಹುಟ್ಟಿದ ಜಾಗದಲ್ಲೇ ಆಗುತ್ತದೆ, ಆ ಪ್ರಮಾಣಪತ್ರ ದೇಶವಿಡೀ ನಡೆಯುತ್ತದೆ. ಎರಡು ದೇಶಗಳಿಗೆ ಸಾಧ್ಯವಾದದ್ದು ಒಂದೇ ದೇಶದ ಎರಡು ಜಿಲ್ಲೆಗಳಿಗೆ ಏಕೆ ಸಾಧ್ಯವಾಗಬಾರದು?

ಇನ್ನು ಆನೆ. ಸತ್ಯಮಂಗಲ, ಬಿಳಿಗಿರಿರಂಗನ ಬೆಟ್ಟ, ಬಂಡೀಪುರ, ಮುದುಮಲೆ ಇವೆಲ್ಲ ಒಂದಕ್ಕೊಂದು ಹೊಂದಿದ ಕಾಡುಗಳು. ಕಾಗದದ ಮೇಲಿನ ಗಡಿ ಆನೆಗೆ ತಿಳಿಯದು. ಇಲ್ಲಿ ಪಟಾಕಿ ಹೊಡೆದು ಅಟ್ಟಿದರೆ ಅಲ್ಲಿಯ ಹೊಲಕ್ಕೆ, ಅಲ್ಲಿ ಅಟ್ಟಿದರೆ ಇಲ್ಲಿಯ ಹೊಲಕ್ಕೆ. ಒಂದು ಕಡೆ ಕಂದಕ ತೋಡಿ ಇನ್ನೊಂದು ಕಡೆ ಬಿಟ್ಟರೆ ಆ ಹಣ ದಂಡ. ಕರುಪ್ಪನ್ ಎಂದು ಜನ ಹೆಸರಿಟ್ಟ ಒಂಟಿ ಸಲಗ ತಾಳವಾಡಿ, ಜೀರಹಳ್ಳಿ ವಲಯಗಳ ರೈತರನ್ನು ಎಷ್ಟೋ ಕಾಲ ಕಂಗೆಡಿಸಿತು. ಪಳಗಿಸಿದ ಕುಮ್ಕಿ ಆನೆಗಳನ್ನು ತಂದು ಮಾಡಿದ ಪ್ರಯತ್ನಗಳು ಹಲವು ಸಲ ಕೈಗೂಡದೆ, ಕೊನೆಗೆ 2023ರ ಏಪ್ರಿಲಿನಲ್ಲಿ ಅದನ್ನು ಹಿಡಿದು ಸಾಗಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ದಕ್ಷಿಣದ ರಾಜ್ಯಗಳು ಒಂದೇ ಸಮಯಕ್ಕೆ ಆನೆ ಗಣತಿ ಮಾಡಿದವು. ಒಂದೇ ಆನೆಯನ್ನು ಎರಡು ರಾಜ್ಯಗಳು ಎರಡು ಸಲ ಎಣಿಸದಿರಲು ಅದೊಂದೇ ದಾರಿ. 2024ರ ಮಾರ್ಚ್ 10ರಂದು ಬಂಡೀಪುರದಲ್ಲಿ ಮೂರು ರಾಜ್ಯಗಳ ಅರಣ್ಯ ಇಲಾಖೆಗಳ ಸಭೆ ನಡೆದು, ಮನುಷ್ಯ ಮತ್ತು ವನ್ಯಜೀವಿ ಸಂಘರ್ಷದ ಬಗ್ಗೆ ಕರ್ನಾಟಕ ಮತ್ತು ಕೇರಳದ ಸಚಿವರು ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದರು. ಇವು ಒಳ್ಳೆಯ ಹೆಜ್ಜೆಗಳು. ಆದರೆ ರಾತ್ರಿ ಹತ್ತು ಗಂಟೆಗೆ ಆನೆಹಿಂಡು ಗಡಿಯಾಚೆಯ ಚಿಕ್ಕಹೊಳೆ ಕಡೆಗೆ ಇಳಿಯುತ್ತಿದೆ ಎಂಬ ಸುದ್ದಿ ಅಲ್ಲಿನ ಹೊಲ ಕಾಯುವವನಿಗೆ ಮುಟ್ಟಬೇಕಾದರೆ, ಸಚಿವರ ಸಹಿಯ ಜೊತೆಗೆ ಎರಡು ಕಡೆಯ ವಲಯ ಕಚೇರಿಗಳ, ಎರಡು ಕಡೆಯ ಪಂಚಾಯಿತಿಗಳ ಫೋನು ಸಂಖ್ಯೆಗಳು ಒಂದು ಪಟ್ಟಿಯಲ್ಲಿ ಇರಬೇಕು.

ರಸ್ತೆಯೂ ಅಷ್ಟೆ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಬಣ್ಣಾರಿ ಮತ್ತು ಕಾರಪಳ್ಳಂ ನಡುವೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ವನ್ಯಜೀವಿಗಳು ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದದ್ದು ನಿಜ, ಆದೇಶಕ್ಕೆ ಕಾರಣವಿತ್ತು. ರಾತ್ರಿ ತರಕಾರಿ ತುಂಬಿ ಬೆಳಗಿನ ಜಾವ ಕೆಳಗಿನ ಮಾರುಕಟ್ಟೆ ಮುಟ್ಟಿಸುತ್ತಿದ್ದ ತಾಳವಾಡಿಯ ರೈತರು ಬೀದಿಗಿಳಿದದ್ದೂ ನಿಜ. ಮುಂದೆ ಸ್ಥಳೀಯರಿಗೆ ಸಡಿಲಿಕೆ ಸಿಕ್ಕಿತು. ಬಂಡೀಪುರದ ದಾರಿಯಲ್ಲಿ 2009ರಿಂದಲೇ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧವಿದೆ. ಒಂದೇ ಕಾಡಿನ ಎರಡು ದ್ವಾರಗಳಿಗೆ ಎರಡು ಬಗೆಯ ನಿಯಮ. ಲಾರಿಯವರು, ರೈತರು, ರೋಗಿಗಳು ಎರಡನ್ನೂ ನೆನಪಿಟ್ಟುಕೊಳ್ಳಬೇಕು.

ನೀರು ಹರಿಯುವ ದಿಕ್ಕು ಇನ್ನೊಂದು ಸಂಗತಿ ಹೇಳುತ್ತದೆ. ದಿಂಬಂ, ತಾಳವಾಡಿ ಸುತ್ತಿನ ಬೆಟ್ಟದಲ್ಲಿ ಮಳೆ ಸುರಿದರೆ ಕರ್ನಾಟಕದ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳಿಗೆ ನೀರು ಬರುತ್ತದೆ. ಮೇಲೆ ಕಾಡು, ಹಳ್ಳ, ಕೆರೆ ಚೆನ್ನಾಗಿದ್ದರೆ ಕೆಳಗಿನ ರೈತನಿಗೆ ಲಾಭ. ಮೇಲೆ ಕಸ ಸುರಿದರೆ ಕೆಳಗಿನವನಿಗೆ ಅದೇ ನೀರು. ಮೇಲಿನವರು ಕೆಳಗಿನವರ ಆಸ್ಪತ್ರೆಯನ್ನು ನಂಬಿದ್ದಾರೆ, ಕೆಳಗಿನವರು ಮೇಲಿನವರ ನೀರನ್ನು ನಂಬಿದ್ದಾರೆ. ಕೊಡು ಕೊಳ್ಳುವುದಕ್ಕೆ ಇಬ್ಬರ ಕೈಯಲ್ಲೂ ಏನೋ ಇದೆ. ಹಾಗಾಗಿ ಇಲ್ಲಿ ಯಾರೂ ಯಾರಲ್ಲೂ ಬೇಡಬೇಕಾಗಿಲ್ಲ, ಸಮಸಮವಾಗಿ ಕೂತು ಮಾತಾಡಬಹುದು.

ಎರಡು ರಾಜ್ಯಗಳು ಈ ಬೆಟ್ಟದಲ್ಲಿ ಕೂಡಿ ದುಡಿದದ್ದೇ ಇಲ್ಲ ಎನ್ನುವಂತಿಲ್ಲ. 2000ದ ಜುಲೈ 30ರ ರಾತ್ರಿ ಇದೇ ತಾಳವಾಡಿ ಸೀಮೆಯ ದೊಡ್ಡಗಾಜನೂರಿನಿಂದ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಅವರು ಬಿಡುಗಡೆಯಾದ ನವೆಂಬರ್ 15ರವರೆಗೆ, 108 ದಿನ, ಎರಡು ಸರ್ಕಾರಗಳೂ ಒಟ್ಟಾಗಿ ಸಂಧಾನದ ದಾರಿ ಹುಡುಕಿದವು. ಅದಕ್ಕೆ ಮೊದಲೂ ಆಮೇಲೂ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ಈ ಕಾಡುಗಳಲ್ಲಿ ಅಲೆದವು. ಬಂದೂಕು ಹಿಡಿದು ಒಂದೇ ಕಾಡಿನಲ್ಲಿ ನಡೆಯಲು ಸಾಧ್ಯವಾದ ಎರಡು ಆಡಳಿತಗಳಿಗೆ ಆಂಬುಲೆನ್ಸು, ಕಸದ ಗಾಡಿ, ಶಾಲೆಯ ಬಸ್ಸುಗಳಿಗಾಗಿ ಒಂದು ಕೋಣೆಯಲ್ಲಿ ಕೂರುವುದು ಕಷ್ಟವಾಗಬಾರದು.

ಹಾಗೆ ಕೂರಬೇಕಾದವರು ಯಾರು ಎಂಬುದರಲ್ಲಿ ಒಂದು ತೊಡಕಿದೆ. ಎರಡು ರಾಜ್ಯಗಳ ಪಂಚಾಯಿತಿಗಳ ಕಟ್ಟೋಣ ಬೇರೆ ಬೇರೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೆ ಪಿ.ಡಿ.ಒ. ಎಂಬ ಪೂರ್ಣಾವಧಿ ಅಧಿಕಾರಿಯಿದ್ದಾರೆ; ಹಣದ ಸಹಿ ಅಧ್ಯಕ್ಷರದು ಮತ್ತು ಅವರದು. ತಮಿಳುನಾಡಿನ ಗ್ರಾಮ ಪಂಚಾಯತಿಯಲ್ಲಿ ಚುನಾಯಿತ ಮಂಡಳಿ ಇರುವಾಗ ಸಹಿ ಅಧ್ಯಕ್ಷರದು ಮತ್ತು ಉಪಾಧ್ಯಕ್ಷರದು. ಅಧಿಕಾರಿ, ಅಂದರೆ ಬಿ.ಡಿ.ಒ., ಕೂರುವುದು ಯೂನಿಯನ್ ಕಚೇರಿಯಲ್ಲಿ. ಗಡಿಯಾಚೆ ಕರ್ನಾಟಕದ ಪುಣಜನೂರಿನ ಪಿ.ಡಿ.ಒ. ತಾಳವಾಡಿ ಕಡೆ ಯಾರಿಗೆ ಪತ್ರ ಬರೆಯಬೇಕು ಎಂಬುದಕ್ಕೇ ನೇರ ಉತ್ತರವಿಲ್ಲ. ಅದಕ್ಕಿಂತ ದೊಡ್ಡ ತೊಡಕು ಖಾಲಿ ಕುರ್ಚಿಗಳದ್ದು. ತಾಳವಾಡಿಯಲ್ಲಿ 2019ರ ಡಿಸೆಂಬರಿನಲ್ಲಿ ಚುನಾಯಿತರಾದವರ ಅವಧಿ 2025ರ ಜನವರಿ 5ಕ್ಕೆ ಮುಗಿದು ಆಡಳಿತ ವಿಶೇಷಾಧಿಕಾರಿಗಳ ಕೈಗೆ ಹೋಯಿತು. ಕರ್ನಾಟಕದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಊರುಗಳನ್ನು ಜೋಡಿಸಬೇಕಾದ ನಡುವಿನ ಹಂತವೇ ಎರಡೂ ಕಡೆ ಬರಿದಾದರೆ ಮೂರನೆಯ ಪ್ರಶ್ನೆಗೆ, ಉತ್ತರ ಹೇಳುವವರು ಯಾರು ಎಂಬುದಕ್ಕೆ, ಉತ್ತರ ಸಿಗುವುದಿಲ್ಲ. ಅಧಿಕಾರಿ ಕೆಲಸ ಮಾಡಬಲ್ಲರು. ಜನರ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕಾದವರು ಜನ ಆರಿಸಿದವರೇ. ಆದ್ದರಿಂದ ಸಕಾಲಕ್ಕೆ ಚುನಾವಣೆ ನಡೆಯಲಿ ಎಂಬುದು ಸಹಕಾರ ಬಯಸುವವರ ಮೊದಲ ಬೇಡಿಕೆಯಾಗಬೇಕು.

ನನ್ನ ಸಲಹೆ ಸರಳವಾದದ್ದು. ಈರೋಡು ಮತ್ತು ಚಾಮರಾಜನಗರದ ಜಿಲ್ಲಾಧಿಕಾರಿಗಳು ಸೇರಿ, ತಾಳವಾಡಿ ಒಕ್ಕೂಟ ಮತ್ತು ಗಡಿಯಂಚಿನ ಕರ್ನಾಟಕದ ಗ್ರಾಮ ಪಂಚಾಯಿತಿಗಳ ಒಂದು ಕಾಯಂ ಗಡಿ ಸೇವಾ ಸಭೆಯನ್ನು ಏರ್ಪಡಿಸಲಿ. ಮೂರು ತಿಂಗಳಿಗೊಮ್ಮೆ, ಒಮ್ಮೆ ತಾಳವಾಡಿಯಲ್ಲಿ, ಇನ್ನೊಮ್ಮೆ ಚಾಮರಾಜನಗರದಲ್ಲಿ. ಎರಡೂ ಕಡೆಯ ಅಧ್ಯಕ್ಷರು, ಬಿ.ಡಿ.ಒ., ಪಿ.ಡಿ.ಒ.ಗಳು, ವಲಯ ಅರಣ್ಯಾಧಿಕಾರಿಗಳು, ಎರಡೂ ಆಸ್ಪತ್ರೆಗಳ ವೈದ್ಯರು, ಸಾರಿಗೆಯವರು ಬರಲಿ. ನಡಾವಳಿ ಕನ್ನಡ, ತಮಿಳು ಎರಡರಲ್ಲೂ ಬರೆದು ಎಲ್ಲ ಪಂಚಾಯಿತಿಗಳ ಫಲಕಕ್ಕೆ ಅಂಟಿಸಲಿ. ಇದಕ್ಕೆ ಹೊಸ ಕಾಯಿದೆ ಬೇಡ, ಹೊಸ ಕಟ್ಟಡ ಬೇಡ.

ಮೊದಲ ವರ್ಷಕ್ಕೆ ಮೂರೇ ಕೆಲಸ ಸಾಕು. ಒಂದು, ಗಡಿಯ ಊರುಗಳ ಪಟ್ಟಿಯನ್ನು ಎರಡೂ ರಾಜ್ಯಗಳ 108 ಕೇಂದ್ರಗಳಿಗೆ ಕೊಟ್ಟು, ಕರೆ ಯಾವ ಕಡೆ ಬಂದರೂ ಹತ್ತಿರದ ಗಾಡಿ ಹೊರಡುವ ವ್ಯವಸ್ಥೆ. ಎರಡು, ಆನೆ ಸುದ್ದಿ ಗಡಿಯ ಎರಡೂ ಕಡೆಗೆ ಒಂದೇ ಹೊತ್ತಿಗೆ ಮುಟ್ಟುವ ಏರ್ಪಾಡು. ಮೂರು, ತಾಳವಾಡಿಯಿಂದ ಬರುವ ವಿಮಾ ಕಾರ್ಡಿನ ರೋಗಿಗಳಿಗಾಗಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಎರಡು ಭಾಷೆ ಬಲ್ಲ ಒಬ್ಬ ಸಹಾಯಕರು, ಮತ್ತು ಆ ಖರ್ಚು ಯಾವ ಸರ್ಕಾರದ್ದೆಂಬ ಲಿಖಿತ ತೀರ್ಮಾನ. ಕಸದ ಘಟಕ, ಹಳ್ಳಗಳ ರಕ್ಷಣೆ ಆಮೇಲೆ ಬರಲಿ. ಚಿಕ್ಕ ಕೆಲಸದಲ್ಲಿ ಬೆಳೆದ ನಂಬಿಕೆ ದೊಡ್ಡ ಕೆಲಸಕ್ಕೆ ಬಂಡವಾಳವಾಗುತ್ತದೆ.

ಗಡಿ ಎಂದ ಕೂಡಲೇ ಕೆಲವರಿಗೆ ಸಿಟ್ಟು ಬರುತ್ತದೆ. ತಾಳವಾಡಿ ಕರ್ನಾಟಕಕ್ಕೆ ಸೇರಬೇಕೆಂಬ ಕೂಗು ಆಗಾಗ ಏಳುತ್ತದೆ, ಅದಕ್ಕೆ ಎದುರು ಕೂಗೂ ಏಳುತ್ತದೆ. ಆ ಕೂಗುಗಳ ನಡುವೆ ಬೆಟ್ಟದ ಜನರ ದಿನದ ಅಗತ್ಯ ಕೇಳಿಸದೆ ಹೋಗುತ್ತದೆ. ನಾನು ಹೇಳುತ್ತಿರುವುದು ಗಡಿ ಸರಿಸುವ ಮಾತಲ್ಲ. ಗಡಿ ಇರುವಲ್ಲೇ ಇರುವಾಗ ಸೇವೆ ದಾಟುವ ಮಾತು. ತಾಳವಾಡಿ ಸೀಮೆಯ ಗುಮಟಾಪುರದಲ್ಲಿ ದೀಪಾವಳಿಯ ಬಲಿಪಾಡ್ಯಮಿಯ ಮರುದಿನ ನಡೆಯುವ ಗೊರೆ ಹಬ್ಬಕ್ಕೆ ಎರಡೂ ರಾಜ್ಯದವರು ಬರುತ್ತಾರೆ. ಅಲ್ಲಿ ಯಾರೂ ಯಾರ ಗುರುತಿನ ಚೀಟಿ ಕೇಳುವುದಿಲ್ಲ. ಜನರ ನಡುವೆ ಸಲುಗೆ ಆಗಲೇ ಇದೆ. ಅದಕ್ಕೆ ತಕ್ಕ ಆಡಳಿತ ಬೇಕು.

ತಮಿಳುನಾಡಿನಲ್ಲಿ ಈಗ ವರ್ಷಕ್ಕೆ ಆರು ಗ್ರಾಮಸಭೆಗಳು. ಅವುಗಳಲ್ಲಿ ಒಂದು ನವೆಂಬರ್ 1ರಂದು, ಸ್ಥಳೀಯಾಡಳಿತ ದಿನವೆಂದು 2022ರಿಂದ ನಡೆಯುತ್ತಿದೆ. ಗಡಿಯಾಚೆ ಅದೇ ದಿನ ರಾಜ್ಯೋತ್ಸವ. ತಾಳವಾಡಿಯನ್ನೂ ಕೊಳ್ಳೇಗಾಲವನ್ನೂ ಬೇರೆ ಬೇರೆ ರಾಜ್ಯಕ್ಕೆ ಹಂಚಿದ ಆ ದಿನಾಂಕದಂದು, ಜೀರಹಳ್ಳಿಯವರೂ ಸುತ್ತಲ ಊರಿನವರೂ ಗ್ರಾಮಸಭೆಗೆ ಹೋಗಿ ಒಂದು ನಿರ್ಣಯ ಮಂಡಿಸಿ. ಗಡಿ ಸೇವಾ ಸಭೆ ಬೇಕು, ಈ ಮೂರು ಕೆಲಸ ಬೇಕು, ಪ್ರತಿಯೊಂದಕ್ಕೂ ಮಾಡುವವರು, ಹಣ ಕೊಡುವವರು, ಉತ್ತರಿಸುವವರು ಯಾರೆಂದು ಹೆಸರು ಹಿಡಿದು ಬರೆಯಿರಿ ಎಂದು ಕೇಳಿ. ಪುಣಜನೂರು ಮೊದಲಾದ ಕಡೆಯ ಕೇಳುಗರು ತಮ್ಮ ಮುಂದಿನ ಗ್ರಾಮಸಭೆಯಲ್ಲಿ ಅದೇ ನಿರ್ಣಯವನ್ನು ಅದೇ ಮಾತುಗಳಲ್ಲಿ ಮಂಡಿಸಲಿ. ಒಂದು ಊರಿನ ಮನವಿಯನ್ನು ಕಡತದಲ್ಲಿ ಇಟ್ಟುಬಿಡಬಹುದು. ಎರಡು ರಾಜ್ಯಗಳ ಹತ್ತಾರು ಗ್ರಾಮಸಭೆಗಳ ಒಂದೇ ನಿರ್ಣಯಕ್ಕೆ ಇಬ್ಬರು ಜಿಲ್ಲಾಧಿಕಾರಿಗಳೂ ಉತ್ತರ ಕೊಡಲೇಬೇಕಾಗುತ್ತದೆ. ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆಸಿ, ಸಹಿ ಹಾಕಿಸಿ, ಅದರ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದೇ ಸಭೆಯಿಂದ ಏಳಿ.